ಮೀಡಿಯಂ ಫಾರ್ಮ್ಯಾಟ್ ಬಾಡಿಗೆಗೆ ತಂದು ನೋಡಲೇ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಪೋರ್ಟ್ರೇಟ್ ಕೆಲಸವೇ ಜಾಸ್ತಿ. ಸದ್ಯ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾ, 85 ಎಂಎಂ ಎಫ್ 1.8 ಲೆನ್ಸ್ ಬಳಸುತ್ತೇನೆ. ಫುಲ್ ಫ್ರೇಮ್‌ಗಿಂತ ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಹಿನ್ನೆಲೆ ಇನ್ನೂ ಚೆನ್ನಾಗಿ ಬ್ಲರ್ ಆಗುತ್ತೆ ಅಂತಾರೆ. ಅಂಥದ್ದೇ ಒಂದು ಫ್ಯೂಜಿ ಜಿಎಫ್‌ಎಕ್ಸ್ ಬಾಡಿಗೆಗೆ ತರಬೇಕೆಂದಿದ್ದೇನೆ. ಅದರಲ್ಲಿ ಏನೇನು ನೋಡಬೇಕು?

ಉತ್ತರ: ಖಂಡಿತ ತನ್ನಿ. ಆದರೆ ಬ್ಲರ್‌ಗೋಸ್ಕರ ಬೇಡ. ಅದರ ಸೆನ್ಸರ್ 43.8 x 32.9 ಮಿ.ಮೀ., ನಿಮ್ಮದು 36 x 24. ವಿಸ್ತೀರ್ಣ ಸುಮಾರು 1.7 ಪಟ್ಟು, ಅಷ್ಟೇ. ಅದರ 110 ಎಂಎಂ ಎಫ್ 2 ಲೆನ್ಸ್ ನಿಮ್ಮ ಕ್ಯಾಮೆರಾದ ಲೆಕ್ಕದಲ್ಲಿ 87 ಎಂಎಂ ಎಫ್ 1.6 ಇದ್ದ ಹಾಗೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬ್ಲರ್ ಜಾಸ್ತಿ). 85 ಎಂಎಂ ಎಫ್ 1.4 ಲೆನ್ಸ್ ಕೊಂಡರೆ ಅದಕ್ಕಿಂತ ಜಾಸ್ತಿ ಬ್ಲರ್ ಸಿಗುತ್ತೆ, ಖರ್ಚೂ ಎಷ್ಟೋ ಕಡಿಮೆ.

ನೀವು ನೋಡಬೇಕಾದ್ದು ಚರ್ಮ. ಬಿಳಿ ಪಂಚೆ, ಬಿಳಿ ಅಂಗಿ ಹಾಕಿದ ಕಪ್ಪು ಮೈಬಣ್ಣದ ಹಿರಿಯರೊಬ್ಬರನ್ನು ಕೂರಿಸಿ, ಪಕ್ಕದಿಂದ ಒಂದೇ ಸಾಫ್ಟ್‌ಬಾಕ್ಸ್ ಕೊಟ್ಟು, ಅದೇ ಬೆಳಕಲ್ಲಿ ಎರಡೂ ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ. ಅಂಗಿಯ ನೇಯ್ಗೆ ಉಳಿಯುವಷ್ಟು ಎಕ್ಸ್‌ಪೋಷರ್ ಇಳಿಸಿ, ಆಮೇಲೆ ಕಂಪ್ಯೂಟರ್‌ನಲ್ಲಿ ಮುಖದ ನೆರಳಿನ ಭಾಗವನ್ನು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕಿನಷ್ಟು, ಎತ್ತಿ ನೋಡಿ: ಕೆನ್ನೆಯಿಂದ ಕತ್ತಿನವರೆಗೆ ಬಣ್ಣ ನಯವಾಗಿ ಇಳಿಯುತ್ತಾ, ಕಾಳುಕಾಳಾಗುತ್ತಾ? ದೊಡ್ಡ ಸೆನ್ಸರ್‌ಗೆ ದುಡ್ಡು ಕೊಡೋದೇ ಇದಕ್ಕೆ. ಇಲ್ಲಿ ವ್ಯತ್ಯಾಸ ಕಾಣದಿದ್ದರೆ ಕೊಳ್ಳಬೇಡಿ.

ಫ್ಲ್ಯಾಶ್ ಮರೆಯಬೇಡಿ. ಜಿಎಫ್‌ಎಕ್ಸ್‌ನಲ್ಲಿ ಸಿಂಕ್ ವೇಗ, ಅಂದರೆ ಫ್ಲ್ಯಾಶ್ ಜತೆ ಹೊಂದುವ ಗರಿಷ್ಠ ಶಟರ್ ವೇಗ, 1/125 ಸೆಕೆಂಡ್ ಮಾತ್ರ. ಸ್ಟುಡಿಯೋದಲ್ಲಿ ತೊಂದರೆಯಿಲ್ಲ, ಹೊರಗೆ ಬಿಸಿಲಲ್ಲಿ ಎಫ್ 2 ಇಟ್ಟರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಅಥವಾ ಇನ್ನೂ ಹೆಚ್ಚಿನ ಶಟರ್ ವೇಗಕ್ಕೂ ಫ್ಲ್ಯಾಶ್ ಹೊಂದಿಸುವ ಹೈಸ್ಪೀಡ್ ಸಿಂಕ್ ಬೇಕೇ ಬೇಕು. ಹೊರಾಂಗಣವೇ ನಿಮ್ಮ ಕೆಲಸವಾದರೆ ಹ್ಯಾಸೆಲ್‌ಬ್ಲಾಡ್ ಕಂಪನಿಯ ಮೀಡಿಯಂ ಫಾರ್ಮ್ಯಾಟ್ ಎಕ್ಸ್ ಸರಣಿ ಕೇಳಿ ನೋಡಿ, ಅಲ್ಲಿ ಶಟರ್ ಲೆನ್ಸಿನೊಳಗೇ ಇರೋದರಿಂದ 1/2000ರವರೆಗೂ ಫ್ಲ್ಯಾಶ್ ಹೊಂದುತ್ತೆ.

2017ರ ಜಿಎಫ್‌ಎಕ್ಸ್ 50ಎಸ್ ಅಗ್ಗವಾಗಿ ಸಿಗಬಹುದು, ಆದರೆ ಅದರ ಫೋಕಸ್ ನಿಧಾನ. ಓಡಾಡೋ ಮಕ್ಕಳ ಫೋಟೋ ತೆಗೆಯೋರು ಜಿಎಫ್‌ಎಕ್ಸ್ 100 ಸರಣಿಯನ್ನೇ ತರಿಸಬೇಕು. ಅದರ 102 ಮೆಗಾಪಿಕ್ಸೆಲ್ ಚಿತ್ರ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಪ್ರಿಂಟ್ ಹಾಕಿದರೆ ಸುಮಾರು 39 x 29 ಇಂಚು ಬರುತ್ತೆ, ನಿಮ್ಮದು 20 x 13. ಫೈಲ್‌ಗಳೂ ಹಾಗೇ ದಪ್ಪ. ನಿಮ್ಮ ಕಂಪ್ಯೂಟರ್ ತಡೆಯುತ್ತಾ ನೋಡಿಕೊಳ್ಳಿ.

ಕ್ಯಾಮೆರಾ ವಾಪಸ್ ಕೊಡುವ ಮುಂಚೆ ಎರಡೂ ಚಿತ್ರಗಳನ್ನು 20 x 30 ಇಂಚು ಪ್ರಿಂಟ್ ಹಾಕಿಸಿ. ಯಾವುದು ಯಾವ ಕ್ಯಾಮೆರಾದ್ದು ಅಂತ ಹೇಳದೆ ನಿಮ್ಮ ಗಿರಾಕಿಗಳಿಗೇ ತೋರಿಸಿ. ಜಾಸ್ತಿ ದುಡ್ಡು ಕೊಡಬೇಕಾದವರು ಅವರೇ ಅಲ್ವಾ?