ಒಪ್ಪಿಗೆಯಾದ ಪ್ರಬಂಧವನ್ನು ಸಮ್ಮೇಳನದ ಸಂಪುಟಕ್ಕೆ ಸಿದ್ಧಪಡಿಸುವುದು ಹೇಗೆ?

ಪ್ರಬಂಧ ಒಪ್ಪಿಗೆಯಾಗಿದೆ, ಅಂತಿಮ ಪ್ರತಿ ಕಳುಹಿಸಲು ಎರಡು ವಾರ ಉಳಿದಿದೆ, ಎರಡು ಕಾಲಂನ ಟೆಂಪ್ಲೇಟ್‌ಗೆ ಹಾಕಿದರೆ ನಿಮ್ಮ ವರ್ಡ್ ಕಡತ 10 ಪುಟವಾಗುತ್ತಿದೆ, ಮಿತಿ ಇರುವುದು 8 ಪುಟ. ಅಂಚನ್ನೂ ಅಕ್ಷರದ ಗಾತ್ರವನ್ನೂ ಸ್ವಲ್ಪ ಕುಗ್ಗಿಸಬಹುದೇ, ವರ್ಡ್ ಬಿಟ್ಟು ಲೇಟೆಕ್‌ಗೆ (ಆದೇಶಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶಕ್ಕೆ) ಹೋಗಬೇಕೇ ಎಂದು ಕೇಳಿದ್ದೀರಿ. ಕುಗ್ಗಿಸಬೇಡಿ. ಲೇಟೆಕ್‌ಗೂ ಈಗ ಹೋಗಬೇಡಿ. ಸಮ್ಮೇಳನಗಳಿಗೆ ಬರುವ ಅಂತಿಮ ಪ್ರತಿಗಳನ್ನು ಪರಿಶೀಲಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಆ ಅನುಭವದಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಟೆಂಪ್ಲೇಟ್ ವಿಷಯ. ಅಂಚು, ಕಾಲಂಗಳ ನಡುವಿನ ಜಾಗ, ಸಾಲುಗಳ ಅಂತರ, ಅಕ್ಷರದ ಗಾತ್ರ ಇವು ಯಾವುವೂ ಲೇಖಕರ ಕೈಯಲ್ಲಿಲ್ಲ. ಎಂಜಿನಿಯರುಗಳ ಸಂಸ್ಥೆಯಾದ ಐಟ್ರಿಪಲ್‌ಇ ನಡೆಸುವ ಸಮ್ಮೇಳನಗಳ ಟೆಂಪ್ಲೇಟ್‌ನಲ್ಲಿ ಮುಖ್ಯ ಪಠ್ಯ 10 ಪಾಯಿಂಟ್‌ನ ಟೈಮ್ಸ್ ಅಕ್ಷರದಲ್ಲಿ ಎರಡು ಕಾಲಂನಲ್ಲಿರುತ್ತದೆ. ಸ್ಪ್ರಿಂಗರ್ ಪ್ರಕಾಶನದ ‘ಲೆಕ್ಚರ್ ನೋಟ್ಸ್ ಇನ್ ಕಂಪ್ಯೂಟರ್ ಸೈನ್ಸ್’ ಸಂಪುಟ ಸರಣಿಯಲ್ಲಿ ಒಂದೇ ಕಾಲಂ, ಪಠ್ಯದ ಚೌಕಟ್ಟು 12.2 ಸೆಂ.ಮೀ. ಅಗಲ, 19.3 ಸೆಂ.ಮೀ. ಎತ್ತರ. ಈ ಅಳತೆಗಳಲ್ಲಿ ಒಂದನ್ನು ಬದಲಿಸಿದರೂ ಸಂಪುಟದಲ್ಲಿ ಅಕ್ಕಪಕ್ಕದ ಪ್ರಬಂಧಗಳ ನಡುವೆ ನಿಮ್ಮದು ಎದ್ದು ಕಾಣುತ್ತದೆ. ಪರಿಶೀಲಿಸುವವರ ಕಣ್ಣು ಇದನ್ನು ಕೂಡಲೇ ಹಿಡಿಯುತ್ತದೆ, ಕಡತ ವಾಪಸು ಬರುತ್ತದೆ, ಗಡುವಿನ ಹಿಂದಿನ ದಿನ ನೀವು ಮತ್ತೆ ಅದೇ ಎರಡು ಪುಟಗಳೊಂದಿಗೆ ಹೆಣಗಾಡುತ್ತೀರಿ. ಉಲ್ಲೇಖಗಳ ಪಟ್ಟಿಯ ಅಕ್ಷರವನ್ನು ಇನ್ನಷ್ಟು ಚಿಕ್ಕದು ಮಾಡುವುದು, ಶೀರ್ಷಿಕೆಗಳ ಮೇಲಿನ ಜಾಗವನ್ನು ಋಣ ಅಂತರ ಕೊಟ್ಟು ಹಿಂಡುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಹಾಗಾದರೆ ಎರಡು ಪುಟ ಎಲ್ಲಿಂದ ಉಳಿಯುತ್ತದೆ? ವಾಕ್ಯಗಳಿಂದ. ಹತ್ತು ಪುಟದ ಪ್ರಬಂಧ ಎಂಟಕ್ಕೆ ಇಳಿದಾಗ ಓದಲು ಹಗುರವಾಗುವುದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಒಂದು ಮಾದರಿ ನೋಡಿ: ‘ಚಿತ್ರ 3ರಲ್ಲಿ ತೋರಿಸಿರುವಂತೆ, ನಾವು ಸೂಚಿಸಿರುವ ವಿಧಾನದ ಕಾರ್ಯಕ್ಷಮತೆಯು ಈಗಾಗಲೇ ಬಳಕೆಯಲ್ಲಿರುವ ವಿಧಾನದ ಕಾರ್ಯಕ್ಷಮತೆಗಿಂತ ಉತ್ತಮವಾಗಿರುವುದನ್ನು ಗಮನಿಸಬಹುದಾಗಿದೆ.’ ಇದನ್ನೇ ‘ಹೊಸ ವಿಧಾನ ಹಳೆಯದಕ್ಕಿಂತ ವೇಗವಾಗಿದೆ (ಚಿತ್ರ 3)’ ಎಂದು ಬರೆಯಬಹುದು. ಜಾಗ ಅರ್ಧಕ್ಕಿಂತ ಕಡಿಮೆಯಾಯಿತು. ಜೊತೆಗೆ ‘ಉತ್ತಮ’ ಎಂಬ ಸಡಿಲ ಪದ ಹೋಗಿ ಯಾವುದರಲ್ಲಿ ಉತ್ತಮ ಎಂಬುದೂ ಸ್ಪಷ್ಟವಾಯಿತು. ಪೀಠಿಕೆಯ ಕೊನೆಯಲ್ಲಿ ‘ಎರಡನೆಯ ಭಾಗದಲ್ಲಿ ಇದು, ಮೂರನೆಯ ಭಾಗದಲ್ಲಿ ಅದು’ ಎಂದು ಹೇಳುವ ಪ್ಯಾರಾ ಎಂಟು ಪುಟದ ಪ್ರಬಂಧಕ್ಕೆ ಬೇಕಿಲ್ಲ. ಸಾರಾಂಶದ ವಾಕ್ಯಗಳೇ ಪೀಠಿಕೆಯಲ್ಲೂ ಉಪಸಂಹಾರದಲ್ಲೂ ಮರಳಿ ಬರುತ್ತಿದ್ದರೆ ಉಪಸಂಹಾರವನ್ನು ಕತ್ತರಿಸಿ. ಅದೇ ಕ್ಷೇತ್ರದ ಎಲ್ಲರಿಗೂ ಗೊತ್ತಿರುವ ಸೂತ್ರದ ನಿರೂಪಣೆ ಇದ್ದರೆ ಒಂದು ಉಲ್ಲೇಖ ಸಾಕು.

ಇಷ್ಟಾದ ಮೇಲೆ ಸೂಕ್ಷ್ಮ ಕೆಲಸ. ಕಾಲಂ ಕಿರಿದಾಗಿರುವುದರಿಂದ ಎಷ್ಟೋ ಪ್ಯಾರಾಗಳ ಕೊನೆಯ ಸಾಲಿನಲ್ಲಿ ಒಂದೋ ಎರಡೋ ಪದ ಮಾತ್ರ ಉಳಿದಿರುತ್ತವೆ. ಆ ಪ್ಯಾರಾದಲ್ಲಿ ಎರಡು ಪದ ತೆಗೆದರೆ ಇಡೀ ಸಾಲು ಉಳಿಯುತ್ತದೆ. ಇಂತಹ ಸಾಲುಗಳನ್ನು ಇಪ್ಪತ್ತು ಕಡೆ ಉಳಿಸಿದರೆ ಕಾಲಂನ ಮೂರನೇ ಒಂದು ಭಾಗದಷ್ಟು ಜಾಗ ಸಿಗುತ್ತದೆ. ಆದರೆ ಇದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ. ಮೊದಲೇ ಮಾಡಿದರೆ ಮೇಲೆ ಒಂದು ವಾಕ್ಯ ಸೇರಿಸಿದ ಕೂಡಲೇ ಅಷ್ಟೂ ಶ್ರಮ ವ್ಯರ್ಥ.

ನಿಮಗಿರುವ ಸಮಯದಲ್ಲಿ ದೊಡ್ಡ ಪಾಲನ್ನು ಚಿತ್ರಗಳಿಗೆ ಕೊಡಿ. ಸಂಪುಟ ತಿರುವಿ ಹಾಕುವವರು ಶೀರ್ಷಿಕೆಯಾದ ಮೇಲೆ ನೋಡುವುದು ಚಿತ್ರವನ್ನೇ, ಆದರೂ ನನಗೆ ಬರುವ ಕಡತಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದೂ ಅದೇ. ಇದು ನನ್ನನ್ನು ನಿಜವಾಗಿ ಬೇಸರಪಡಿಸುತ್ತದೆ: ತಿಂಗಳುಗಟ್ಟಲೆ ನಡೆಸಿದ ಪ್ರಯೋಗದ ಫಲ ಓದಲಾಗದ ನಕ್ಷೆಯೊಳಗೆ ಹೂತುಹೋಗಿರುತ್ತದೆ. ಕಾರಣ ಸರಳ. ಎರಡು ಕಾಲಂನ ಪುಟದಲ್ಲಿ ಒಂದು ಕಾಲಂನ ಅಗಲ ಸುಮಾರು 9 ಸೆಂ.ಮೀ. ಮಾತ್ರ. ನೀವು 18 ಸೆಂ.ಮೀ. ಅಗಲಕ್ಕೆ ನಕ್ಷೆ ಬರೆದು, ಅದರಲ್ಲಿ 10 ಪಾಯಿಂಟ್‌ನ ಅಕ್ಷರ ಇಟ್ಟು, ಆಮೇಲೆ ಕಾಲಂಗೆ ಹೊಂದುವಂತೆ ಕುಗ್ಗಿಸಿದರೆ ಆ ಅಕ್ಷರ 5 ಪಾಯಿಂಟ್ ಆಗುತ್ತದೆ. ಆದ್ದರಿಂದ ಮೊದಲಿನಿಂದಲೇ ಮುದ್ರಣವಾಗುವ ಅಗಲಕ್ಕೇ ನಕ್ಷೆ ಬರೆಯಿರಿ, ಅಕ್ಷರ 8 ಪಾಯಿಂಟ್ ಇರಲಿ, ವರ್ಡ್‌ನಲ್ಲಿ ಅದನ್ನು ಎಳೆದು ಹಿಗ್ಗಿಸಲೂಬೇಡಿ, ಕುಗ್ಗಿಸಲೂಬೇಡಿ. ರೇಖೆಗಳ ನಕ್ಷೆಯಾದರೆ ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ರೂಪದಲ್ಲಿ ಉಳಿಸಿ, ಫೋಟೋ ಆದರೆ 300 ಡಿಪಿಐಗೆ (ಒಂದು ಇಂಚಿಗೆ 300 ಚುಕ್ಕಿಗೆ) ಕಡಿಮೆ ಇರದಂತೆ ನೋಡಿಕೊಳ್ಳಿ. ಪರದೆಯಿಂದ ಸೆರೆಹಿಡಿದ ಚಿತ್ರ ಬೇಡ. ಕೋಷ್ಟಕವನ್ನಂತೂ ಎಂದಿಗೂ ಚಿತ್ರವಾಗಿ ಅಂಟಿಸಬೇಡಿ. ಕೆಂಪು ಗೆರೆ, ಹಸಿರು ಗೆರೆ ಎಂದು ಬಣ್ಣವನ್ನೇ ನಂಬಿದ ನಕ್ಷೆಯನ್ನು ಕಪ್ಪುಬಿಳುಪಿನಲ್ಲಿ ಒಮ್ಮೆ ಮುದ್ರಿಸಿ ನೋಡಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಒಂದನ್ನು ತುಂಡುಗೆರೆ ಮಾಡಿ.

ನಕ್ಷೆಗಳನ್ನು ಪೈಥಾನ್ ಭಾಷೆಯ ನಕ್ಷೆ ಬರೆಯುವ ಸಾಧನವಾದ ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ಪಿಡಿಎಫ್ ಆಗಿ ತೆಗೆಯುತ್ತಿದ್ದರೆ ಇನ್ನೊಂದು ಮಾತು. ಅದು ತಾನಾಗಿಯೇ ಟೈಪ್ 3 ಎಂಬ ಬಗೆಯ ಫಾಂಟ್ ಬಳಸುತ್ತದೆ. ಹಲವು ಸಮ್ಮೇಳನಗಳ ಪರಿಶೀಲನೆಯಲ್ಲಿ ಅದು ತಿರಸ್ಕೃತವಾಗುತ್ತದೆ, ದೋಷ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಪಿಡಿಎಫ್ ಫಾಂಟ್‌ಟೈಪ್ ಎಂಬ ಆಯ್ಕೆಯನ್ನು 42ಕ್ಕೆ (ಅಂದರೆ ಟ್ರೂಟೈಪ್ ಫಾಂಟ್‌ಗೆ) ಬದಲಿಸಿ ನಕ್ಷೆಗಳನ್ನು ಮತ್ತೆ ತೆಗೆದರೆ ಸಮಸ್ಯೆ ಮುಗಿಯುತ್ತದೆ.

ಇನ್ನು ವರ್ಡ್. ಐಟ್ರಿಪಲ್‌ಇ, ಸ್ಪ್ರಿಂಗರ್, ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಮೂವರೂ ವರ್ಡ್ ಟೆಂಪ್ಲೇಟ್ ಕೊಡುತ್ತಾರೆ. ನಿಮ್ಮ ಹಳೆಯ ಕಡತವನ್ನು ಟೆಂಪ್ಲೇಟ್‌ನಂತೆ ಕಾಣಿಸಲು ಯತ್ನಿಸಬೇಡಿ. ಹೊಸ ಟೆಂಪ್ಲೇಟ್ ಕಡತ ತೆರೆದು, ಹಳೆಯದರಿಂದ ಒಂದೊಂದೇ ಭಾಗವನ್ನು ವಿನ್ಯಾಸವಿಲ್ಲದ ಬರಿಯ ಪಠ್ಯವಾಗಿ ಅಂಟಿಸಿ, ಶೀರ್ಷಿಕೆ, ಪಠ್ಯ, ಚಿತ್ರದ ಅಡಿಬರಹ ಎಂದು ಆಯಾ ಸ್ಟೈಲ್ ಹಚ್ಚಿ. ಒಂದು ಸಂಜೆಯ ಕೆಲಸ ಅಷ್ಟೆ. ಸೂತ್ರಗಳೇ ತುಂಬಿದ ಪ್ರಬಂಧವಾಗಿದ್ದರೆ ಮುಂದಿನ ಬಾರಿಗೆ ಲೇಟೆಕ್ ಕಲಿಯಿರಿ, ಶ್ರಮಕ್ಕೆ ತಕ್ಕ ಫಲ ಇದೆ. ಎರಡು ವಾರದ ಗಡುವಿನೊಳಗೆ ಮಾತ್ರ ಬೇಡ.

ಉಲ್ಲೇಖಗಳನ್ನು ತಂತ್ರಾಂಶ ಸರಿಯಾಗಿ ಜೋಡಿಸುತ್ತದೆ ಎಂದು ಕಣ್ಣುಮುಚ್ಚಿ ನಂಬಬೇಡಿ. ಹುಡುಕು ತಾಣಗಳಿಂದ ತಂದ ನಮೂದುಗಳಲ್ಲಿ ಎಷ್ಟೋ ಬಾರಿ ಪುಟಸಂಖ್ಯೆ ಇರುವುದಿಲ್ಲ, ಒಂದೇ ಸಮ್ಮೇಳನದ ಹೆಸರು ಮೂರು ಬಗೆಯಲ್ಲಿ ಇರುತ್ತದೆ, ಅಚ್ಚಾಗಿರುವ ಪ್ರಬಂಧಕ್ಕೂ ಆರ್ಕೈವ್ (arXiv) ಎಂಬ ಜಾಲತಾಣದಲ್ಲಿರುವ ಕರಡು ಪ್ರತಿಯ ವಿವರವೇ ಇರುತ್ತದೆ. ಪ್ರತಿಯೊಂದನ್ನೂ ಮೂಲದ ಮೊದಲ ಪುಟದೊಂದಿಗೆ ತಾಳೆ ನೋಡಿ. ಬೇರೆಯವರ ಹೆಸರನ್ನು ಸರಿಯಾಗಿ ಬರೆಯುವುದು ಅವರ ಕೆಲಸಕ್ಕೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ ಎಂದೇ ನಾನು ಭಾವಿಸಿದ್ದೇನೆ.

ನಿಮ್ಮ ಹೆಸರಿನ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ಪ್ರಬಂಧಗಳನ್ನು ಪಟ್ಟಿಮಾಡುವ ಸೂಚಿಗಳು ಸಾಮಾನ್ಯವಾಗಿ ಹೆಸರಿನ ಕೊನೆಯ ಪದವನ್ನೇ ಮನೆತನದ ಹೆಸರೆಂದು ತೆಗೆದುಕೊಳ್ಳುತ್ತವೆ. ಕೊನೆಯಲ್ಲಿ ಒಂದಕ್ಷರದ ಇನಿಷಿಯಲ್ ಇದ್ದರೆ ನಿಮ್ಮ ಪ್ರಬಂಧ ಆ ಒಂದಕ್ಷರದ ಅಡಿಯಲ್ಲಿ ದಾಖಲಾಗಬಹುದು. ಒಂದು ರೂಪವನ್ನು ಆರಿಸಿಕೊಂಡು ಎಲ್ಲ ಪ್ರಬಂಧಗಳಲ್ಲೂ ಅದನ್ನೇ ಬಳಸಿ, ಸಂಶೋಧಕರನ್ನು ಗುರುತಿಸುವ 16 ಅಂಕೆಗಳ ಆರ್ಕಿಡ್ (ORCID) ಸಂಖ್ಯೆಯನ್ನೂ ಮಾಡಿಸಿಕೊಳ್ಳಿ. ನಿಮ್ಮ ಪ್ರಬಂಧವನ್ನು ವಿಮರ್ಶಕರು ಲೇಖಕರ ಹೆಸರಿಲ್ಲದೆ ಓದಿದ್ದಾದರೆ ಈಗ ಹೆಸರು, ಸಂಸ್ಥೆ, ಕೃತಜ್ಞತೆ, ಅನುದಾನದ ವಿವರ, ಕೋಡ್ ಇರುವ ನಿಜವಾದ ಕೊಂಡಿ ಎಲ್ಲವೂ ಮರಳಿ ಬರಬೇಕು. ಇವುಗಳಿಗೆ ಬೇಕಾಗುವ ಜಾಗವನ್ನು 8 ಪುಟದ ಲೆಕ್ಕದಲ್ಲಿ ಈಗಲೇ ಸೇರಿಸಿಕೊಳ್ಳಿ. ‘ನಮ್ಮ ಹಿಂದಿನ ಕೆಲಸ’ ಎನ್ನುವ ಬದಲು ‘ಅವರ ಕೆಲಸ’ ಎಂದು ಬರೆದಿದ್ದ ವಾಕ್ಯಗಳನ್ನೂ ಸರಿಪಡಿಸಿ.

ಪಿಡಿಎಫ್ ತೆಗೆದ ಮೇಲೆ ಅದನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆಯಿರಿ. ಅಡೋಬಿ ರೀಡರ್‌ನಲ್ಲಿ ಕಡತದ ಗುಣಲಕ್ಷಣಗಳೊಳಗೆ ಫಾಂಟ್‌ಗಳ ಪಟ್ಟಿ ಇದೆ. ಪ್ರತಿಯೊಂದರ ಮುಂದೆಯೂ ‘ಎಂಬೆಡೆಡ್’ (ಫಾಂಟ್ ಕಡತದೊಳಗೇ ಸೇರಿದೆ) ಎಂದಿರಬೇಕು. ‘ಎರರ್’ (Error) ಎಂಬ ಇಂಗ್ಲಿಷ್ ಪದವನ್ನು ಪಿಡಿಎಫ್ ಒಳಗೆ ಹುಡುಕಿ, ಏಕೆಂದರೆ ಕಡಿದುಹೋದ ಅಡ್ಡ ಉಲ್ಲೇಖದ (ಪ್ರಬಂಧದ ಚಿತ್ರ, ಕೋಷ್ಟಕಗಳತ್ತ ತೋರಿಸುವ ಕೊಂಡಿಯ) ಜಾಗದಲ್ಲಿ ವರ್ಡ್ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’ ಎಂದು ಅಚ್ಚುಮಾಡಿಬಿಡುತ್ತದೆ. ಅದು ಹಾಗೆಯೇ ಸಂಪುಟಕ್ಕೆ ಹೋದರೆ ಆಮೇಲೆ ತೆಗೆಯುವುದು ಬಲು ಕಷ್ಟ. ಪುಟಸಂಖ್ಯೆ ಹಾಕಬೇಡಿ, ಸಂಪುಟದ ಪುಟಸಂಖ್ಯೆಯನ್ನು ಪ್ರಕಾಶಕರೇ ಹಾಕುತ್ತಾರೆ.

ಹಕ್ಕುಸ್ವಾಮ್ಯದ ಪತ್ರವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಸಹಲೇಖಕರ ಅಥವಾ ಸಂಸ್ಥೆಯ ಅನುಮತಿ ಬೇಕಾದಲ್ಲಿ ಅದಕ್ಕೇ ದಿನಗಳು ಹಿಡಿಯುತ್ತವೆ. ಪತ್ರದಲ್ಲಿರುವ ಶೀರ್ಷಿಕೆ, ಲೇಖಕರ ಹೆಸರು, ಅವರ ಅನುಕ್ರಮ ಪಿಡಿಎಫ್‌ನಲ್ಲಿ ಇರುವಂತೆಯೇ ಇರಬೇಕು. ಸಲ್ಲಿಕೆಯ ತಾಣದಲ್ಲಿ ತುಂಬಿದ ವಿವರವೂ ಅದೇ ಆಗಿರಬೇಕು, ಏಕೆಂದರೆ ಎಷ್ಟೋ ಕಡೆ ವಿಷಯಸೂಚಿ ತಯಾರಾಗುವುದು ಆ ವಿವರದಿಂದ. ವಿಮರ್ಶಕರ ಸಲಹೆಯಂತೆ ಶೀರ್ಷಿಕೆ ಬದಲಿಸಿದ್ದರೆ ಸಂಘಟಕರಿಗೆ ಇಂದೇ ಬರೆದು ಒಪ್ಪಿಗೆ ಪಡೆಯಿರಿ. ಸಹಲೇಖಕರೊಬ್ಬರನ್ನು ಈಗ ಸೇರಿಸುವ ಯೋಚನೆ ಇದ್ದರೂ ಹಾಗೆಯೇ ಕೇಳಬೇಕು, ಆದರೆ ಒಪ್ಪಿಗೆಯಾದ ನಂತರ ಲೇಖಕರ ಪಟ್ಟಿ ಬದಲಿಸಲು ಬಹುತೇಕ ಸಮ್ಮೇಳನಗಳು ಬಿಡುವುದಿಲ್ಲ.