ಹಾಲಿನಿಂದ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ

ಪ್ರಶ್ನೆ: ಮಗನಿಗೆ 6 ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ). ತೂಕ 13 ಕೆ.ಜಿ. ಅಗಿಯಲು ಬರುವುದಿಲ್ಲ. ದಿನಕ್ಕೆ ಒಂದು ಲೀಟರ್ ಹಾಲು, ಜೊತೆಗೆ ಅಕ್ಕಿ ಗಂಜಿ. ಹಿಮೋಗ್ಲೋಬಿನ್ 8.2. ಕಬ್ಬಿಣದ ಸಿರಪ್‌ನಿಂದ ಮಲಬದ್ಧತೆ ಆಯಿತೆಂದು ನಿಲ್ಲಿಸಿದೆವು. ಮುಂದೇನು?

ಉತ್ತರ: ಅಮ್ಮಾ, ಇಂಥ ಪತ್ರ ಮತ್ತೆ ಮತ್ತೆ ಬರುತ್ತದೆ. ಊರು ಬೇರೆ, ಹಾಲಿನ ಲೆಕ್ಕ ಮಾತ್ರ ಒಂದೇ. ತಪ್ಪು ನಿಮ್ಮದಲ್ಲ. ‘ಇಂಥ ಮಕ್ಕಳು ಸೊರಗೋದು ಸಹಜ’ ಎಂದು ಹೇಳಿ ಕಳಿಸುವವರ ಮೇಲೆ ನನಗೆ ಸಿಟ್ಟು. ಸಹಜ ಅಲ್ಲವೇ ಅಲ್ಲ. ಈ ವಯಸ್ಸಿಗೆ ಹಿಮೋಗ್ಲೋಬಿನ್ ಕನಿಷ್ಠ 11.5 ಇರಬೇಕು.

ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಊಟದ ಕಬ್ಬಿಣ ಮೈಗೆ ಹತ್ತುವುದಕ್ಕೂ ಅದು ಅಡ್ಡಿ. ಅರ್ಧ ಲೀಟರಿಗೆ ಇಳಿಸಿ. ಆ ಜಾಗಕ್ಕೆ ಬೇಳೆ, ಸೊಪ್ಪು, ಅನ್ನ ನುಣ್ಣಗೆ ಅರೆದು, ತುಪ್ಪ ಹಾಕಿ, ನಾಲ್ಕು ಹನಿ ನಿಂಬೆರಸ ಹಿಂಡಿ. ತಿನ್ನುವ ಮನೆಯಾದರೆ ಮೊಟ್ಟೆ, ಕೋಳಿ ಲಿವರ್ ಕೊಡಿ. ಚಮಚ ಓರೆ ಮಾಡಿದರೆ ಊಟ ನೀರಿನಂತೆ ಸುರಿಯಬಾರದು, ಗಟ್ಟಿಯಾಗಿ ಜಾರಬೇಕು. ತೆಳು ಗಂಜಿಯೇ ಶ್ವಾಸನಾಳಕ್ಕೆ ಬೇಗ ಇಳಿಯುವುದು. ತೊಡೆ ಮೇಲೆ ಅಂಗಾತ ಮಲಗಿಸಿ ಹುಯ್ಯಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿರಲಿ. ಚಮಚವನ್ನು ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ಕಾಯಿರಿ. ಊಟದ ನಡುವೆ ಕೆಮ್ಮು, ಗೊರಗೊರ ಶಬ್ದ ಬಂದರೆ ಮೊದಲು ಸ್ಪೀಚ್ ಥೆರಪಿಸ್ಟ್‌ಗೆ (ನುಂಗುವ ತೊಂದರೆಯನ್ನೂ ನೋಡುವವರು) ತೋರಿಸಿ, ಊಟ ಬದಲಿಸುವುದು ಆಮೇಲೆ.

ಸಿರಪ್ ಮತ್ತೆ ಶುರುವಾಗಬೇಕು. ಬಾಟಲಿ ಮೇಲೆ ‘ಎಲಿಮೆಂಟಲ್ ಐರನ್’ (ಔಷಧದಲ್ಲಿರುವ ಶುದ್ಧ ಕಬ್ಬಿಣ) ಎಷ್ಟೆಂದು ಓದಿ. ಕೆ.ಜಿ.ಗೆ ದಿನಕ್ಕೆ 3 ಮಿ.ಗ್ರಾಂ, ಅಂದರೆ ಇವನಿಗೆ ಸುಮಾರು 39. ಎಷ್ಟು ಎಂ.ಎಲ್. ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಮಲಬದ್ಧತೆಗೆ ಬೇರೆ ಔಷಧ ಇದೆ, ಕೇಳಿ ಪಡೆಯಿರಿ. ಮಲ ಕಪ್ಪಾದರೆ ಗಾಬರಿ ಬೇಡ. ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಆದರೂ ಏರಬೇಕು. ಏರದಿದ್ದರೆ ವಿಟಮಿನ್ ಬಿ12, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ಪರೀಕ್ಷೆ ಮಾಡಿಸಿ. ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದರೆ ಫೋಲೇಟ್ (ರಕ್ತಕ್ಕೆ ಬೇಕಾದ ಒಂದು ವಿಟಮಿನ್) ಕೂಡ ಕಡಿಮೆ ಆಗುತ್ತದೆ. ಆದರೆ ನೀವಾಗಿಯೇ ಫೋಲಿಕ್ ಮಾತ್ರೆ ಕೊಡಬೇಡಿ, ರಕ್ತದಲ್ಲಿ ಆ ಔಷಧದ ಮಟ್ಟ ಇಳಿದು ಫಿಟ್ಸ್ ಮರಳಬಹುದು. ಈ ವಿಷಯದಲ್ಲಿ ನಾನು ತುಂಬಾ ಹುಷಾರು.

ಪ್ರಶ್ನೆ: ಬೀಟ್‌ರೂಟ್ ಜ್ಯೂಸ್ ಕುಡಿಸಿದರೆ ರಕ್ತ ಹೆಚ್ಚುತ್ತದಾ?

ಉತ್ತರ: ಇಲ್ಲ. ಬಣ್ಣ ಕೆಂಪು, ಅಷ್ಟೇ. 100 ಗ್ರಾಂನಲ್ಲಿ 1 ಮಿ.ಗ್ರಾಂ ಕಬ್ಬಿಣವೂ ಇಲ್ಲ.

ಪ್ರಶ್ನೆ: ಒಬ್ಬರು ಭಸ್ಮದ ಪೊಟ್ಟಣ ಕೊಟ್ಟಿದ್ದಾರೆ. ರಕ್ತವೂ ಏರುತ್ತೆ, ಮಗು ನಡೆಯುತ್ತೆ ಅಂತಾರೆ.

ಉತ್ತರ: ಎಸೆಯಿರಿ. ಇಂಥ ಕೆಲವು ಭಸ್ಮಗಳಲ್ಲಿ ಸೀಸ ಸಿಕ್ಕಿದೆ. ಸೀಸವೇ ರಕ್ತಹೀನತೆ ತರುತ್ತದೆ, ಮಿದುಳನ್ನೂ ಕೆಡಿಸುತ್ತದೆ. ಈಗಾಗಲೇ ಕೊಟ್ಟಿದ್ದರೆ ಪೊಟ್ಟಣ ಹಿಡಿದೇ ಮಕ್ಕಳ ವೈದ್ಯರ ಬಳಿ ಹೋಗಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಲು ಹೇಳಿ.