ಅಕಿಲೀಸ್‌ನನ್ನು ಅಳಲು ಬಿಡಿ

ನಮಸ್ಕಾರ,

ಟ್ರಾಯ್ ಯುದ್ಧದ ಬಗ್ಗೆ ಗ್ರೀಕ್ ಕವಿ ಹೋಮರ್ ಹೇಳಿದ ಮಹಾಕಾವ್ಯ ಇಲಿಯಡ್‌ನಲ್ಲಿ ಮಾನ, ದುಃಖ, ಶೌರ್ಯ ಹೇಗೆ ಬರುತ್ತವೆ ಅಂತ ನೀವು ಬರೆದು ಕಳಿಸಿದ ಲೇಖನ ಓದಿದೆ. ಮೊದಲು ಒಳ್ಳೆಯ ಮಾತು. ಭಾಷೆ ಚೆನ್ನಾಗಿದೆ. ಗ್ರೀಕರ ದಂಡಿನ ದೊರೆ ಅಗಮೆಮ್ನಾನ್ ಮತ್ತು ಅವರ ದೊಡ್ಡ ವೀರ ಅಕಿಲೀಸ್ ನಡುವಿನ ಜಗಳವನ್ನು ಒಂದೇ ಪುಟದಲ್ಲಿ ಗೊಂದಲವಿಲ್ಲದೆ ಹೇಳಿದ್ದೀರಿ. ಮರದ ಕುದುರೆಯ ಕತೆಯಾಗಲಿ, ಅಕಿಲೀಸ್‌ನ ಸಾವಾಗಲಿ ಇಲಿಯಡ್‌ನಲ್ಲಿ ಬರುವುದಿಲ್ಲ ಅನ್ನುವುದು ನಿಮಗೆ ಗೊತ್ತಿದೆ. ಅದು ಸಂತೋಷ.

ಆದರೆ ಎಂಟನೇ ಪುಟಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ. ಎದ್ದು ಒಂದು ಸುತ್ತು ಓಡಾಡಿ ಬಂದು ಮತ್ತೆ ಓದಿದೆ. ಆಗಲೂ ಸಿಟ್ಟು ಇಳಿಯಲಿಲ್ಲ. ಹಾಗಾಗಿ ಎರಡೇ ವಾಕ್ಯಗಳ ಬಗ್ಗೆ ಬರೆಯುತ್ತೇನೆ. ಉಳಿದದ್ದನ್ನು ನೀವೇ ತಿದ್ದಿಕೊಳ್ಳಬಲ್ಲಿರಿ.

ಮೊದಲನೆಯದು ಅಕಿಲೀಸ್‌ನ ಗೆಳೆಯ ಪೆಟ್ರೋಕ್ಲಸ್‌ನ ಸಾವಿನ ಬಗ್ಗೆ: “ಗೆಳೆಯನ ಮಾನ ಉಳಿಸಲು ಹೋರಾಡಿದ ಪೆಟ್ರೋಕ್ಲಸ್ ವೀರಸ್ವರ್ಗ ಸೇರಿದ.”

ಯಾವ ಸ್ವರ್ಗ?

ಈ ಪದ ನಿಮ್ಮ ಕೈಗೆ ಹೇಗೆ ಬಂತು ಅಂತ ನನಗೆ ಗೊತ್ತು. ಊರ ಗುಡಿ ಪಕ್ಕ, ಹೊಲದ ಬದುವಿನಲ್ಲಿ ವೀರಗಲ್ಲು ನೋಡಿಕೊಂಡು ಬೆಳೆದವರು ನಾವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅದರ ಮೇಲೆ ಅಪ್ಸರೆಯರು ಸತ್ತವನನ್ನು ಕರೆದುಕೊಂಡು ಹೋಗುತ್ತಾರೆ. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಎಷ್ಟೋ ಕಲ್ಲುಗಳ ಮೇಲೆ ಶ್ಲೋಕವೂ ಇದೆ: ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೆ ಸುರಾಂಗನೆ, ಹಾಗಿರುವಾಗ ಯುದ್ಧದಲ್ಲಿ ಸಾಯುವುದಕ್ಕೆ ಯಾಕೆ ಚಿಂತೆ? ಆ ಕಲ್ಲು ನೆಡಿಸಿದವರ ನಂಬಿಕೆ ಅದು. ಅದರ ಮೇಲೆ ನನಗೆ ಗೌರವವಿದೆ. ಆದರೆ ಹೋಮರ್ ಕೆತ್ತಿದ ಕಲ್ಲಿನಲ್ಲಿ ಕೆಳಗಿನ ಪಟ್ಟಿಕೆ ಮಾತ್ರ ಇದೆ. ಮೇಲಿನ ಎರಡೂ ಇಲ್ಲ.

ಪೆಟ್ರೋಕ್ಲಸ್ ಸಾಯುವುದು 16ನೇ ಭಾಗದಲ್ಲಿ. ಅಲ್ಲಿ ಏನಿದೆ ನೋಡಿ. ಪ್ರಾಣ ಮೈಯಿಂದ ಹಾರಿ ಸತ್ತವರ ಲೋಕ ಹೇಡಿಸ್‌ಗೆ ಹೋಯಿತು, ತನ್ನ ಹಣೆಬರಹಕ್ಕೆ ಗೋಳಿಡುತ್ತಾ, ಗಂಡಸುತನವನ್ನೂ ಹರೆಯವನ್ನೂ ಇಲ್ಲೇ ಬಿಟ್ಟು. ಗೋಳಿಡುತ್ತಾ ಹೋಯಿತು. 22ನೇ ಭಾಗದಲ್ಲಿ ಟ್ರಾಯ್‌ನ ರಾಜಕುಮಾರ ಹೆಕ್ಟರ್ ಅಕಿಲೀಸ್‌ನ ಕೈಯಲ್ಲಿ ಸತ್ತಾಗಲೂ ಅದೇ ಎರಡು ಸಾಲು. ಅಕಿಲೀಸ್‌ನ ಗೆಳೆಯನಿಗೂ ಅವನು ಕೊಂದ ಶತ್ರುವಿಗೂ ಒಂದೇ ಮಾತು. 23ನೇ ಭಾಗದಲ್ಲಿ ಪೆಟ್ರೋಕ್ಲಸ್ ಕನಸಿನಲ್ಲಿ ಬರುತ್ತಾನೆ. ಅಕಿಲೀಸ್ ತಬ್ಬಿಕೊಳ್ಳಲು ಕೈ ಚಾಚುತ್ತಾನೆ. ಕೈಗೆ ಏನೂ ಸಿಗುವುದಿಲ್ಲ. ಅದು ಹೊಗೆಯ ಹಾಗೆ ನೆಲದೊಳಗೆ ಇಳಿದುಹೋಗುತ್ತದೆ.

ಗ್ರೀಕರ ಸುಖಲೋಕ ಎಲಿಸಿಯಂ ಇದೆಯಲ್ಲ ಅಂತ ನೀವು ಕೇಳಬಹುದು. ಹೋಮರ್‌ನ ಇನ್ನೊಂದು ಕಾವ್ಯ ಒಡಿಸ್ಸಿಯ 4ನೇ ಭಾಗದಲ್ಲಿ ಅದರ ಮಾತು ಬರುತ್ತದೆ, ಮೆನೆಲಾಸ್‌ಗೆ. ಅವನು ಶೂರ ಅಂತ ಅಲ್ಲ. ಹೆಲೆನ್‌ಳ ಗಂಡ, ದೇವತೆಗಳ ದೊರೆ ಸ್ಯೂಸ್‌ನ ಅಳಿಯ ಅಂತ.

ಒಂದು ಪದಕ್ಕೆ ಇಷ್ಟೊಂದು ಯಾಕೆ ಅನ್ನಬೇಡಿ. ಆ ಪದದಿಂದ ನಿಮ್ಮ ಲೇಖನದ ಮಾನದ ಭಾಗವೇ ಕುಸಿದಿದೆ. ಸತ್ತ ಮೇಲೆ ಸುಖ ಇದ್ದರೆ ಇಲ್ಲಿನ ಮಾನಕ್ಕೆ ಅಷ್ಟು ಬೆಲೆ ಯಾಕೆ? ತನ್ನ ಪಾಲಿಗೆ ಬಂದ ಸೆರೆಯಾಳು ಬ್ರಿಸೀಸ್‌ಳನ್ನು ಅಗಮೆಮ್ನಾನ್ ಕಿತ್ತುಕೊಂಡಿದ್ದಕ್ಕೆ ಅಕಿಲೀಸ್ ಯುದ್ಧವನ್ನೇ ಬಿಟ್ಟು ಯಾಕೆ ಕೂರಬೇಕು? ಗ್ರೀಕರು ಕೀರ್ತಿಗೆ ಕ್ಲೇಓಸ್ ಅನ್ನುತ್ತಾರೆ. ಅದು ಕೇಳುವುದು ಅನ್ನುವ ಮಾತಿಗೆ ನಂಟಿರುವ ಪದ. ಇನ್ನೊಬ್ಬರ ಕಿವಿಗೆ ಬೀಳುವ ಹೆಸರು, ಅಷ್ಟೇ. ಸತ್ತವನಿಗೆ ಉಳಿಯುವ ಜಾಗ ಅದೊಂದೇ. 12ನೇ ಭಾಗದಲ್ಲಿ ಟ್ರಾಯ್ ಪರ ಕಾದುವ ಸಾರ್ಪಿಡನ್ ಜೊತೆಗಾರನಿಗೆ ಹೇಳುವುದನ್ನು ಓದಿ: ಈ ಯುದ್ಧ ತಪ್ಪಿಸಿಕೊಂಡರೆ ಮುಪ್ಪು ಸಾವು ಇಲ್ಲದೆ ಇರಬಹುದು ಅನ್ನುವಂತಿದ್ದರೆ ನಾನೂ ಮುಂದೆ ನಿಂತು ಕಾದುತ್ತಿರಲಿಲ್ಲ, ನಿನ್ನನ್ನೂ ಕಳಿಸುತ್ತಿರಲಿಲ್ಲ. ಸಾವು ಹೇಗಿದ್ದರೂ ಬರುತ್ತದೆ, ಅದಕ್ಕೇ ಹೋಗೋಣ ನಡೆ. ಈ ಮಾತಿನ ಪಕ್ಕದಲ್ಲಿ ನಿಮ್ಮ ವೀರಸ್ವರ್ಗ ಇಟ್ಟು ನೋಡಿ. ನಿಲ್ಲುತ್ತಾ?

ಇನ್ನು ಎರಡನೆಯದು. ನನ್ನನ್ನು ಕೂತಲ್ಲಿಂದ ಎಬ್ಬಿಸಿದ್ದು ಇದೇ. “ಸಾವಿನ ಸುದ್ದಿ ಕೇಳಿದರೂ ಅಕಿಲೀಸ್‌ನ ಕಣ್ಣಿಂದ ಒಂದು ಹನಿಯೂ ಉದುರಲಿಲ್ಲ. ಎದೆ ಕಲ್ಲು ಮಾಡಿಕೊಂಡು, ಕವಚ ತೊಟ್ಟು, ಶತ್ರುವಿನತ್ತ ನುಗ್ಗಿದ.”

ಕವಚ ತೊಡಲು ಕವಚ ಎಲ್ಲಿತ್ತು? ಪೆಟ್ರೋಕ್ಲಸ್ ತೊಟ್ಟುಕೊಂಡು ಹೋಗಿದ್ದು ಅಕಿಲೀಸ್‌ನ ಕವಚವನ್ನೇ. ಅದು ಆಗಲೇ ಹೆಕ್ಟರ್‌ನ ಮೈಮೇಲಿದೆ. ಆದರೆ ಅದು ಸಣ್ಣ ತಪ್ಪು. ದೊಡ್ಡದು ಆ ಹನಿ.

18ನೇ ಭಾಗ ತೆಗೆಯಿರಿ. ಜೊತೆಯ ಯೋಧ ಆಂಟಿಲೋಕಸ್ ಅಳುತ್ತಾ ಬಂದು ಸುದ್ದಿ ಹೇಳುತ್ತಾನೆ. ಅಕಿಲೀಸ್ ಎರಡೂ ಕೈಯಲ್ಲಿ ಕರಿ ಧೂಳು ಬಾಚಿ ತಲೆ ಮೇಲೆ ಸುರಿದುಕೊಳ್ಳುತ್ತಾನೆ. ಆ ಚೆಂದದ ಮುಖಕ್ಕೆಲ್ಲ ಧೂಳು, ಬಟ್ಟೆ ಮೇಲೆ ಬೂದಿ. ನೆಲದ ಮೇಲೆ ಉದ್ದಕ್ಕೆ ಬಿದ್ದುಕೊಂಡು ಕೂದಲು ಕಿತ್ತುಕೊಳ್ಳುತ್ತಾನೆ. ಎಲ್ಲಿ ಕತ್ತು ಕೊಯ್ದುಕೊಂಡುಬಿಡುತ್ತಾನೋ ಅಂತ ಆಂಟಿಲೋಕಸ್ ಅವನ ಕೈ ಹಿಡಿದುಕೊಂಡಿರುತ್ತಾನೆ. ಅಕಿಲೀಸ್ ಎಷ್ಟು ಜೋರಾಗಿ ಕೂಗುತ್ತಾನೆ ಅಂದರೆ ಕಡಲ ಆಳದಲ್ಲಿರುವ ತಾಯಿ ಥೆಟಿಸ್‌ಗೆ ಕೇಳಿಸುತ್ತದೆ. ಅವಳು ಎದ್ದು ಬಂದು ಮಗನ ತಲೆ ಹಿಡಿದುಕೊಳ್ಳುತ್ತಾಳೆ. ನೀನು ಕೇಳಿದ್ದನ್ನು ಸ್ಯೂಸ್ ನಡೆಸಿಕೊಟ್ಟನಲ್ಲ, ಯಾಕಪ್ಪ ಅಳ್ತೀಯ ಅನ್ನುತ್ತಾಳೆ. ಅವನ ಉತ್ತರ: ಹೌದಮ್ಮ, ನಡೆಸಿಕೊಟ್ಟ. ಆದರೆ ಅದರಲ್ಲಿ ನನಗೇನು ಸುಖ? ನನ್ನ ಗೆಳೆಯ ಸತ್ತುಹೋದ.

ಮಾನ, ದುಃಖ ಅಂತ ನೀವು ಹದಿನಾಲ್ಕು ಪುಟ ಬರೆದಿದ್ದೀರಿ. ಎರಡೂ ಡಿಕ್ಕಿ ಹೊಡೆಯುವ ಜಾಗ ಇದು. ಅವನು ಕೇಳಿದ ಮಾನ ಸಿಕ್ಕಿದೆ, ಅವನಿಲ್ಲದೆ ಗ್ರೀಕರು ಹಡಗುಗಳ ತನಕ ಓಡಿಬಂದಿದ್ದಾರೆ. ಅದಕ್ಕೆ ತೆತ್ತ ಬೆಲೆ ಪೆಟ್ರೋಕ್ಲಸ್. ಆ ಜಾಗದಲ್ಲಿ ನೀವು ಅವನ ಕಣ್ಣು ಒರೆಸಿ ನಿಲ್ಲಿಸಿದ್ದೀರಿ.

ಇದು ನನಗೆ ಇಷ್ಟು ಯಾಕೆ ನೋಯುತ್ತದೆ ಅಂತ ಹೇಳುತ್ತೇನೆ. ಆಗ ಪತ್ರಿಕೆಯ ಕೆಲಸಕ್ಕೆ ಸೇರಿ ವರ್ಷ ಕೂಡ ಆಗಿರಲಿಲ್ಲ. ಹತ್ತಿರದ ಹಳ್ಳಿಯ ಸೈನಿಕನೊಬ್ಬ ಗಡಿಯಲ್ಲಿ ಸತ್ತ. ನನ್ನನ್ನು ಕಳಿಸಿದರು. ಅಂಗಳದ ತುಂಬಾ ಜನ. ನಾನು ಹೊರಗೇ ನಿಂತು ನಾಲ್ಕು ಜನರ ಹತ್ತಿರ ಮಾತಾಡಿಸಿ ಬಂದೆ. “ಮಗ ವೀರಮರಣ ಅಪ್ಪಿದರೂ ತಾಯಿ ಕಣ್ಣೀರು ಹಾಕದೆ ಹೆಮ್ಮೆಯಿಂದ ನಿಂತಿದ್ದರು” ಅಂತ ಬರೆದೆ. ನಮ್ಮ ಹಿರಿಯ ಸಂಪಾದಕರು ಓದಿ ಕೇಳಿದ್ದು ಒಂದೇ. “ಆ ತಾಯಿ ಎಲ್ಲಿ ನಿಂತಿದ್ರು?” ನನಗೆ ಗೊತ್ತಿರಲಿಲ್ಲ. ನಾನು ಆಕೆಯ ಮುಖವನ್ನೇ ನೋಡಿರಲಿಲ್ಲ. ಅವರು ಹಾಳೆ ವಾಪಸ್ ಕೊಟ್ಟು, “ಮತ್ತೆ ಹೋಗು” ಅಂದರು.

ಹೋದೆ. ಆಕೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಮುಂದೆ ಒಂದು ಪಾತ್ರೆ ತುಂಬಾ ನೆನೆದ ಅವರೆಕಾಳು. ಒಂದೊಂದೇ ಕಾಳು ಹಿದುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅಳುತ್ತಲೇ ಇದ್ದರು, ಒರೆಸಿಕೊಳ್ಳುತ್ತಿರಲಿಲ್ಲ. ನನ್ನನ್ನು ನೋಡಿ, “ನೆನ್ನೆ ನೆನೆಸಿಟ್ಟಿದ್ದೆ ಕಣಪ್ಪ, ಹಂಗೇ ಬಿಟ್ರೆ ಹುಳಿ ಬತ್ತದೆ” ಅಂದರು. ಬೇರೆ ಏನೂ ಹೇಳಲಿಲ್ಲ. ಅಷ್ಟನ್ನೇ ಬರೆದುಕೊಟ್ಟೆ. ಸಂಪಾದಕರು ಓದಿ, “ಮೊದಲು ಬರೆದಾಗ ಆ ತಾಯಿಗೆ ಅಳೋದಕ್ಕೂ ಬಿಟ್ಟಿರಲಿಲ್ಲವಲ್ಲೋ” ಅಂದರು.

ಇಲಿಯಡ್‌ನ ಕೊನೆಯ ಭಾಗ ಓದಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಮಗ ಹೆಕ್ಟರ್‌ನ ಹೆಣ ಕೇಳಲು ಬಂದ ಮುದುಕ ಪ್ರಿಯಾಮ್‌ಗೆ ಅಕಿಲೀಸ್ ಊಟ ಮಾಡು ಅನ್ನುತ್ತಾನೆ. ಹನ್ನೆರಡು ಮಕ್ಕಳನ್ನು ಕಳೆದುಕೊಂಡ ನಿಯೊಬಿಗೂ ಅತ್ತು ಅತ್ತು ದಣಿದ ಮೇಲೆ ಊಟದ ನೆನಪಾಯಿತು ಅನ್ನುತ್ತಾನೆ. ನಾನು ಆ ಸಾಲಿನಲ್ಲಿ ನಿಂತುಬಿಟ್ಟೆ. ಅವರೆಕಾಳಿನ ಪಾತ್ರೆ ಕಣ್ಣ ಮುಂದೆ ಬಂತು.

ನಿಮ್ಮ ಹನ್ನೊಂದನೇ ಪುಟದಲ್ಲಿ ಇದೇ ಸನ್ನಿವೇಶಕ್ಕೆ “ಅಕಿಲೀಸ್ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ” ಅಂತ ಇದೆ. ಅಲ್ಲಿ ಕ್ಷಮೆ ಇಲ್ಲ. ತನ್ನ ಮಕ್ಕಳನ್ನು ಕೊಂದ ಕೈಗೆ ಪ್ರಿಯಾಮ್ ಮುತ್ತಿಡುತ್ತಾನೆ, ನಿನ್ನ ಅಪ್ಪನನ್ನು ನೆನೆಸಿಕೋ ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ. ಮುದುಕ ಹೆಕ್ಟರ್‌ಗಾಗಿ, ಇವನು ಒಮ್ಮೆ ಅಪ್ಪನಿಗಾಗಿ, ಒಮ್ಮೆ ಪೆಟ್ರೋಕ್ಲಸ್‌ಗಾಗಿ. ಎಂಟನೇ ಪುಟದಲ್ಲಿ ಒಂದು ಹನಿಯೂ ಉದುರಿಸದವನು ಹನ್ನೊಂದನೇ ಪುಟದಲ್ಲಿ ಹೀಗೆ ಅಳಲು ಆಗುತ್ತಾ? ಆಗುವುದಿಲ್ಲ ಅಂತಲೇ ನೀವು ಕ್ಷಮೆ ತಂದಿದ್ದೀರಿ ಅಂತ ನನ್ನ ಅನುಮಾನ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಜಗಳದಿಂದ ಶುರು ಮಾಡಬೇಡಿ. 22ನೇ ಭಾಗದ ಕೊನೆಯಿಂದ ಶುರು ಮಾಡಿ ನೋಡಿ. ಹೆಕ್ಟರ್ ಸತ್ತಿದ್ದು ಹೆಂಡತಿ ಆಂಡ್ರೊಮಕಿಗೆ ಇನ್ನೂ ಗೊತ್ತಿಲ್ಲ. ಒಳಮನೆಯಲ್ಲಿ ಬಟ್ಟೆಗೆ ಹೂವು ನೇಯುತ್ತಿದ್ದಾಳೆ. ಗಂಡ ಯುದ್ಧದಿಂದ ಬಂದ ಕೂಡಲೇ ಸ್ನಾನಕ್ಕೆ ಬಿಸಿನೀರು ಬೇಕು, ದೊಡ್ಡ ಹಂಡೆ ಒಲೆಗೆ ಇಡಿ ಅಂತ ಆಳುಗಳಿಗೆ ಹೇಳಿದ್ದಾಳೆ. ಅಷ್ಟರಲ್ಲಿ ಕೋಟೆ ಕಡೆಯಿಂದ ಗೋಳು ಕೇಳಿಸುತ್ತದೆ. ಕೈಯಿಂದ ಲಾಳಿ ಜಾರಿ ಬೀಳುತ್ತದೆ.